ಹೂಗ್ಲಿಯ ಎರಡು ಅಚ್ಚುಕೂಟಗಳು

ಕಲ್ಕತ್ತದಲ್ಲಿ ದೋಣಿ ಹತ್ತಿ ಹೂಗ್ಲಿಯ ಹರಿವಿಗೆ ಎದುರಾಗಿ ಹೊರಟರೆ ಎಡಬದಿಯ ದಂಡೆಯ ಮೇಲೆ ಶ್ರೀರಾಮಪುರ ಸಿಗುತ್ತದೆ. 1820ರಲ್ಲಿ ಅದು ಇಂಗ್ಲಿಷರದಲ್ಲ, ಡೇನರ ಊರು. ಅಲ್ಲಿನ ಬ್ಯಾಪ್ಟಿಸ್ಟ್ ಮಿಷನ್ನಿನಲ್ಲಿ ಅಚ್ಚುಮೊಳೆಗಳಿಗೆ ಸೀಸ ಕರಗುತ್ತಿತ್ತು. ಕಾಗದದ ಗಿರಣಿಗೆಂದು ಇಂಗ್ಲೆಂಡಿನಿಂದ ತರಿಸಿದ ಉಗಿಯಂತ್ರ ಅದೇ ವರ್ಷ ಬಂದಿಳಿದಿತ್ತು. ಹತ್ತಾರು ಲಿಪಿಗಳು ಅಲ್ಲಿ ಒಂದೇ ಸೂರಿನಡಿ ಅಚ್ಚಾಗುತ್ತಿದ್ದವು. ಮಿಷನರಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಹೊರಬಂದದ್ದೂ ಅಲ್ಲಿಂದಲೇ.

ಕೇರಿಯ ಜೊತೆಗಾರ ಜೋಶುವಾ ಮಾರ್ಷ್‌ಮನ್. ಇಂಗ್ಲೆಂಡಿನ ನೇಯ್ಗೆಯವನೊಬ್ಬನ ಮಗ, ಓದಿನ ಹಸಿವಿನವರು, ಬೈಬಲನ್ನು ಚೀನೀ ಭಾಷೆಗೆ ತರುವ ಕೆಲಸದಲ್ಲಿ ವರ್ಷಗಟ್ಟಲೆ ಮುಳುಗಿದ್ದವರು. 1820ರಲ್ಲಿ ಅವರ ಮೇಜಿಗೆ ಬಂದ ಒಂದು ಇಂಗ್ಲಿಷ್ ಪುಸ್ತಕ ಅವರ ನೆಮ್ಮದಿ ಕೆಡಿಸಿತು. ಅದರಲ್ಲಿ ರಾಜಾ ರಾಮಮೋಹನ ರಾಯರು ನಾಲ್ಕು ಸುವಾರ್ತೆಗಳಿಂದ ಯೇಸುವಿನ ಬೋಧನೆಗಳನ್ನು ಆಯ್ದು ಕೂಡಿಸಿದ್ದರು. ಪವಾಡಗಳನ್ನು ಬಹುಮಟ್ಟಿಗೆ ಬಿಟ್ಟಿದ್ದರು. ಉಳಿದದ್ದು ನೆರೆಯವರನ್ನು ಪ್ರೀತಿಸು, ಕ್ಷಮಿಸು, ತೋರಿಕೆಗೆ ದಾನ ಮಾಡಬೇಡ ಎಂಬಂಥ ಮಾತುಗಳು. ಶಾಂತಿಗೂ ಸುಖಕ್ಕೂ ಇಷ್ಟೇ ಸಾಕೆಂಬುದು ರಾಯರ ನಿಲುವು.

ಆ ‘ಸಾಕು’ ಎಂಬಲ್ಲೇ ಜಗಳ ಹುಟ್ಟಿತು. ಮಾರ್ಷ್‌ಮನ್ನರನ್ನು ಬರಿಯ ಮತಾಂಧರೆಂದು ತಳ್ಳಿಹಾಕುವುದು ನನಗೆ ಸರಿಕಾಣುವುದಿಲ್ಲ. ಅವರ ಪಾಲಿಗೆ ನರಕ ಕವಿಗಳ ಕಲ್ಪನೆಯಾಗಿರಲಿಲ್ಲ. ಸತ್ತ ಮೇಲೆ ಮನುಷ್ಯರು ನಿಜವಾಗಿಯೂ ಹೋಗಿ ಬೀಳುವ, ಮರಳಲಾಗದ ಜಾಗ. ಅದರಿಂದ ಪಾರುಮಾಡುವುದು ಕ್ರಿಸ್ತನ ಬಲಿದಾನ ಮಾತ್ರ. ಆ ಬಲಿಗೆ ಬೆಲೆ ಬಂದದ್ದು ಕ್ರಿಸ್ತ ಸ್ವತಃ ದೇವರಾದ್ದರಿಂದ. ಹಾಗಿರುವಾಗ ಶಿಲುಬೆಯನ್ನು ಬದಿಗಿಟ್ಟು ನೀತಿಮಾತುಗಳನ್ನಷ್ಟೇ ಕೊಡುವುದೆಂದರೆ, ಮುಳುಗುತ್ತಿರುವವನಿಗೆ ಹಗ್ಗ ಎಸೆಯದೆ ಈಜಿನ ಪಾಠ ಹೇಳಿದಂತೆ. ‘ಫ್ರೆಂಡ್ ಆಫ್ ಇಂಡಿಯಾ’ ಪತ್ರಿಕೆಯಲ್ಲಿ ಅವರು ಕಟುವಾಗಿ ಬರೆದರು, ರಾಯರನ್ನು ‘ಹೀದನ್’, ಅಂದರೆ ನಿಜದೇವರನ್ನರಿಯದ ಅನ್ಯಮತೀಯ, ಎಂದರು. ಒಬ್ಬನೇ ದೇವರೆಂದು ಸಾರುತ್ತ ಮನೆಮಂದಿಯನ್ನೂ ಎದುರು ಹಾಕಿಕೊಂಡಿದ್ದ ರಾಯರಿಗೆ ಅದು ಬೈಗುಳವಾಗಿಯೇ ತಾಕಿತು.

ರಾಯರು ಕ್ರೈಸ್ತ ಓದುಗರಿಗೆ ಒಂದು ಮನವಿ ಬರೆದರು, ಮರುವರ್ಷ ಇನ್ನೊಂದು. ವಾದಕ್ಕೆ ಬೇಕೆಂದೇ ಹೀಬ್ರೂ, ಗ್ರೀಕ್ ಕಲಿತರು. ತಂದೆ ನನಗಿಂತ ದೊಡ್ಡವನೆಂದು ಯೇಸುವೇ ಹೇಳಿರುವಾಗ ಸಮಾನತೆ ಎಲ್ಲಿಯದು? ತಾನೂ ತಂದೆಯೂ ಒಂದೇ ಎಂದವನು ಶಿಷ್ಯರೂ ಹಾಗೆಯೇ ಒಂದಾಗಿರಲೆಂದು ಬೇಡಿಕೊಂಡನಲ್ಲ, ಅದು ಮನಸ್ಸಿನ ಒಗ್ಗಟ್ಟಲ್ಲದೆ ಮತ್ತೇನು? ತಪ್ಪಿತಸ್ಥನ ಬದಲು ನಿರಪರಾಧಿ ಶಿಕ್ಷೆ ಉಣ್ಣುವುದು ಯಾವ ನ್ಯಾಯ? ಮಾರ್ಷ್‌ಮನ್ ಒಂದನ್ನೂ ಉತ್ತರಿಸದೆ ಬಿಡಲಿಲ್ಲ. ಪಾಪ ಕ್ಷಮಿಸಿದವನು, ಆರಾಧನೆ ಸ್ವೀಕರಿಸಿದವನು, ತಂದೆಯ ಜೊತೆಗೆ ಯಾರ ಹೆಸರಿನಲ್ಲಿ ದೀಕ್ಷಾಸ್ನಾನ ನಡೆಯುತ್ತದೋ ಅವನು ಬರಿಯ ದೂತನಾಗಲು ಹೇಗೆ ಸಾಧ್ಯ ಎಂದು ಕೇಳಿದರು.

ಇದೇ ಹೊತ್ತಿಗೆ ಕಲ್ಕತ್ತದಲ್ಲಿ ಇನ್ನೊಂದು ಸಣ್ಣ ಕೂಟ ಸೇರುತ್ತಿತ್ತು. ವಿಲಿಯಂ ಯೇಟ್ಸ್ ಮತ್ತು ವಿಲಿಯಂ ಆ್ಯಡಂ ಎಂಬ ಬ್ಯಾಪ್ಟಿಸ್ಟ್ ಮಿಷನರಿಗಳು ರಾಯರ ಜೊತೆ ಕೂತು ಸುವಾರ್ತೆಗಳನ್ನು ಬಂಗಾಳಿಗೆ ತರುತ್ತಿದ್ದರು. ಯೋಹಾನನ ಮೊದಲ ಅಧ್ಯಾಯಕ್ಕೆ ಬಂದಾಗ ಕೆಲಸ ನಿಂತಿತು. ಸಮಸ್ತವೂ ಆದದ್ದು ಕ್ರಿಸ್ತನಿಂದಲೋ, ಕ್ರಿಸ್ತನ ಮೂಲಕವೋ? ‘ಇಂದ’ ಎಂದರೆ ಅವನೇ ಸೃಷ್ಟಿಕರ್ತ; ‘ಮೂಲಕ’ ಎಂದರೆ ಸೃಷ್ಟಿಸಿದವನು ಬೇರೆ. ‘ಮೂಲಕ’ ಎಂದು ಗೊತ್ತುಮಾಡಿದ ಮೇಲೆ ಯೇಟ್ಸ್‌ಗೆ ಅಳುಕು ಹತ್ತಿತು. ಇದು ಪಾಷಂಡದ ದಾರಿಯೆಂದು ಕೂಟದಿಂದಲೇ ಎದ್ದು ನಡೆದರು. ಇಬ್ಬರು ಪಾದ್ರಿಗಳು ವಾಗ್ವಾದ ನಡೆಸಿದ್ದಷ್ಟೂ ಹೊತ್ತು ರಾಯರು ಕೈಯಲ್ಲಿ ಲೇಖನಿ ಹಿಡಿದು, ಒಂದು ಮಾತೂ ಆಡದೆ ನೋಡುತ್ತ ಕೂತಿದ್ದರಂತೆ. ಮುಂದೆ ಇದನ್ನು ನೆನೆದವರು ಆ್ಯಡಂ. ಈ ಇಡೀ ಕಥೆಯಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಆ ಮೌನ.

ರಾಯರನ್ನು ತ್ರಿತ್ವದ, ಅಂದರೆ ತಂದೆ, ಮಗ, ಪವಿತ್ರಾತ್ಮ ಮೂವರೂ ಒಂದೇ ದೇವರೆಂಬ ನಂಬಿಕೆಯ, ಕಡೆಗೆ ಸೆಳೆಯಬೇಕೆಂದುಕೊಂಡಿದ್ದ ಆ್ಯಡಂ 1821ರಲ್ಲಿ ತಾವೇ ತ್ರಿತ್ವ ಬಿಟ್ಟು, ತಂದೆಯೊಬ್ಬನೇ ದೇವರೆನ್ನುವ ಯುನಿಟೇರಿಯನ್ ಆದರು. ಆ್ಯಡಂ ಎಂದರೆ ಬೈಬಲಿನ ಆದಾಮನ ಹೆಸರೇ; ಊರಿನ ಪಾದ್ರಿವಲಯ ಅವರನ್ನು ‘ಎರಡನೆಯ ಪತಿತ ಆದಾಮ’ನೆಂದು ಹಂಗಿಸಿತು. ನಂಬಿಕೆ ಬದಲಾದದ್ದಕ್ಕೆ ಒಬ್ಬನ ಹೆಸರನ್ನೇ ಅಪಹಾಸ್ಯಕ್ಕೆ ಬಳಸಿದ್ದು ಕ್ರೂರವೆಂದೇ ನನಗನ್ನಿಸುತ್ತದೆ.

ರಾಯರ ಹಿಂದಿನ ಪುಸ್ತಕಗಳನ್ನು ಅಚ್ಚುಹಾಕಿದ್ದ ಕಲ್ಕತ್ತದ ಬ್ಯಾಪ್ಟಿಸ್ಟ್ ಮಿಷನ್ ಪ್ರೆಸ್, ಮೂರನೆಯ ಮತ್ತು ಕೊನೆಯ ಮನವಿಯ ಹಸ್ತಪ್ರತಿ ಬಂದಾಗ ಒಲ್ಲೆ ಎಂದಿತು. ಯೇಸುವಿನ ದೈವತ್ವವನ್ನು ಅಲ್ಲಗಳೆಯುವ ಸಾಲುಗಳಿಗೆ ಮೊಳೆ ಜೋಡಿಸಲು ಅವರ ಮನಸ್ಸು ಒಪ್ಪಲಿಲ್ಲ. ರಾಯರು ಕೈಯಿಂದ ದುಡ್ಡು ಹಾಕಿ ಒಂದಿಷ್ಟು ಅಚ್ಚುಮೊಳೆ ಕೊಂಡರು, ಕಲ್ಕತ್ತದ ಧರ್ಮತಲಾದಲ್ಲಿ ಯುನಿಟೇರಿಯನ್ ಪ್ರೆಸ್ ತೆರೆದರು. ಬಹುಪಾಲು ದೇಶೀಯರ ಉಸ್ತುವಾರಿಯಲ್ಲೇ ಕೆಲಸ ಸಾಗಿ 1823ರಲ್ಲಿ ಪುಸ್ತಕ ಹೊರಬಂತು. ಮುನ್ನುಡಿಯಲ್ಲಿ ರಾಯರು ಅಚ್ಚಿನ ಊನಗಳಿಗಾಗಿ ಓದುಗರ ಕ್ಷಮೆ ಕೇಳಿದ್ದಾರೆ. ವಾದದಲ್ಲಿ ಮಾತ್ರ ಒಂದು ಹೆಜ್ಜೆಯನ್ನೂ ಹಿಂದಿಟ್ಟಿಲ್ಲ. ಅಷ್ಟರಲ್ಲಿ ಮಾರ್ಷ್‌ಮನ್ನರ ಉತ್ತರಗಳೂ ಲಂಡನ್ನಿನಲ್ಲಿ ಪುಸ್ತಕವಾಗಿದ್ದವು. ರಾಯರ ಮನವಿಗಳನ್ನು ಅಲ್ಲಿನ ಯುನಿಟೇರಿಯನ್ನರು ಮರುಮುದ್ರಿಸಿದರು.