ಫೋನ್ ಯಾರ ಕೈಲಿರುತ್ತೆ?

2020ರ ಆಗಸ್ಟ್. ಮಲೆನಾಡಿನ ಯಾವ ಸರ್ಕಾರಿ ಪ್ರೌಢಶಾಲೆಗೆ ಹೋದರೂ ನೋಟ ಹೆಚ್ಚುಕಡಿಮೆ ಇದೇ. ಕೊರೋನಾದಿಂದಾಗಿ ತರಗತಿಗಳಿಗೆ ಬೀಗ, ಬೆಂಚುಗಳ ಮೇಲೆ ಮಳೆಗಾಲದ ಬೂಷ್ಟು. ಜನ ಇರುವುದು ಹೆಡ್‌ಮಾಸ್ಟರ ಕೊಠಡಿಯಲ್ಲಿ ಮಾತ್ರ. ಮೇಜಿನ ತುಂಬ ಗೆರೆ ಎಳೆದ ಹಾಳೆಗಳು: ಮಗುವಿನ ಹೆಸರು, ಊರು, ಮನೆಯಲ್ಲಿ ಫೋನಿದೆಯೇ, ಎಂಥದ್ದು, ಹಗಲು ಯಾರ ಕೈಲಿರುತ್ತೆ. ಕೊನೆಯ ಕಲಂ ಹೆಡ್‌ಮಾಸ್ಟರು ತಾವೇ ಸೇರಿಸಿಕೊಂಡದ್ದು. ಬೆಳಗಾಗುತ್ತಲೇ ಅಪ್ಪನ ಜೇಬು ಸೇರಿ ತೋಟಕ್ಕೆ ಹೋಗುವ ಸ್ಮಾರ್ಟ್‌ಫೋನ್ ಮಗುವಿನ ಪಾಲಿಗೆ ಇದ್ದೂ ಇಲ್ಲ.

ಶಾಲೆ ಮುಚ್ಚಿದ್ದಾಗಲೂ ಪಾಠ ಮುಂದುವರಿಸಲು ಸರ್ಕಾರ ಆ ತಿಂಗಳು ಶುರು ಮಾಡಿದ ‘ವಿದ್ಯಾಗಮ’ ಮಕ್ಕಳನ್ನು ಮೂರು ಕಾಲ್ಪನಿಕ ಕೊಠಡಿಗಳಲ್ಲಿ ಕೂರಿಸಿತ್ತು. ಫೋನೇ ಇಲ್ಲದವರು, ಬರೀ ಮಾತಾಡುವ ಫೋನಿನವರು, ಇಂಟರ್ನೆಟ್ ಇರುವವರು. ಹಾಳೆಯ ಮೇಲೆ ಅಚ್ಚುಕಟ್ಟಾಗಿತ್ತು. ಆದರೆ ಕರೆನ್ಸಿ ಮುಗಿದ ದಿನ ಮೂರನೆಯ ಕೊಠಡಿಯ ಹುಡುಗ ಸೀದಾ ಎರಡನೆಯದಕ್ಕೆ ಇಳಿಯುತ್ತಿದ್ದ.

‘ಸರ್, ಮೇಲಿನಕೇರಿ ಮಕ್ಕಳು ಒಬ್ರೂ ಗ್ರೂಪಿಗೆ ಬಂದಿಲ್ಲ.’

‘ಅಲ್ಲಿ ಟವರ್ ಎಲ್ಲಿದೆ ಮೇಡಂ? ನಾಳೆ ದೇವಸ್ಥಾನದ ಜಗಲಿಗೆ ಬರೋಕೆ ಹೇಳಿ. ಚಂದನ ಟೀವಿ ಪಾಠ ಯಾರ ಮನೇಲಿ ನೋಡ್ತಾರೆ ಅಂತಾನೂ ಕೇಳ್ಕೊಳ್ಳಿ. ಕರೆಂಟ್ ಇದ್ರೆ ತಾನೆ ಅದೂ!’

ಐದನೇ ತರಗತಿವರೆಗೆ ಆನ್‌ಲೈನ್ ಪಾಠ ಬೇಕೋ ಬೇಡವೋ ಎಂಬ ಜಗಳ ಬೆಂಗಳೂರಿನಲ್ಲಿ ಹೈಕೋರ್ಟ್‌ವರೆಗೆ ಹೋಗಿತ್ತು. ಇಲ್ಲಿ ಆ ಜಗಳ ಆಡಲಿಕ್ಕೂ ಸಿಗ್ನಲ್ ಇರಲಿಲ್ಲ. ಆನ್‌ಲೈನ್ ಎಂದು ಕರೆದದ್ದರಲ್ಲಿ ಬಹುಪಾಲು ನಡೆದದ್ದು ಸ್ಕೂಟರಿನ ಮೇಲೆ.

ಜಗಲಿಯಲ್ಲಿ ಅಂತರ ಬಿಟ್ಟು ಕೂತ ಮಕ್ಕಳು. ಮಾಸ್ಕು ಕೆಲವರ ಮೂಗಿಗೆ, ಹಲವರ ಗಲ್ಲಕ್ಕೆ. ಕಂಬಕ್ಕೆ ಒರಗಿಸಿದ ಕರಿಹಲಗೆ. ತಗಡಿನ ಮಾಡಿನ ಮೇಲೆ ಮಳೆ ಜೋರಾದರೆ ಮೇಡಂ ಮಾತು ಬಿಟ್ಟು ಬರೆಯತೊಡಗುತ್ತಾರೆ. ರೇನ್‌ಕೋಟಿನಲ್ಲಿ ಬಂದಿಳಿದ ಹೆಡ್‌ಮಾಸ್ಟರು ಮೊದಲು ತಲೆ ಎಣಿಸುತ್ತಾರೆ, ಆಮೇಲೆ ಬಾರದವರ ಮನೆಯ ದಾರಿ ಕೇಳುತ್ತಾರೆ.

ಇದೂ ಬಹಳ ದಿನ ನಡೆಯಲಿಲ್ಲ. ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗುಲಿದ ಸುದ್ದಿ ಬರತೊಡಗಿ, ಅಕ್ಟೋಬರ್ 10ರಂದು ಸರ್ಕಾರ ವಿದ್ಯಾಗಮವನ್ನು ನಿಲ್ಲಿಸಿತು. ಮಕ್ಕಳ ನಡುವೆ ಓಡಾಡಿದ ಶಿಕ್ಷಕರ ಮನೆಗಳಲ್ಲೂ ವಯಸ್ಸಾದವರಿದ್ದರು. ಆ ಶಿಕ್ಷಕರಿಗೆ ಮತ್ತೆ ಹೋಗಿ ಎನ್ನಲು ಯಾವ ಹೆಡ್‌ಮಾಸ್ಟರಿಗೆ ಬಾಯಿ ಬಂದೀತು?

2021ರ ಜನವರಿ 1ಕ್ಕೆ ಎಸ್ಸೆಸ್ಸೆಲ್ಸಿಯವರಿಗೆ ಬಾಗಿಲು ತೆರೆಯಿತು. ಪೋಷಕರ ಒಪ್ಪಿಗೆ ಪತ್ರ ಕಡ್ಡಾಯ. ಹೆಡ್‌ಮಾಸ್ಟರ ಮೇಜಿನ ಮೇಲೆ ಪತ್ರಗಳಿಗಿಂತ ಹೆಸರುಗಳೇ ಹೆಚ್ಚು. ಒಂದೊಂದೇ ನಂಬರು ಒತ್ತುತ್ತಾರೆ.

‘ಸುಲಿಯೋ ಅಡಿಕೆ ಅಂಗಳದ ತುಂಬ ಬಿದ್ದಿದೆ ಸರ್. ಅದೊಂದು ಮುಗೀಲಿ, ಕಳಿಸ್ತೀನಿ.’