ಮುಚ್ಚುವುದನ್ನು ಕಲಿತ ಸಬ್‌ವೇ

ನ್ಯೂಯಾರ್ಕಿನ ಮ್ಯಾನ್‌ಹಟನ್ ದ್ವೀಪ ದಕ್ಷಿಣದಲ್ಲಿ ಚೂಪಾಗಿ ಮುಗಿಯುವ ಜಾಗದಲ್ಲಿ ಸೌತ್ ಫೆರಿ ನಿಲ್ದಾಣವಿದೆ. 1ನೇ ನಂಬರಿನ ರೈಲು ಇಲ್ಲಿಗೆ ಬಂದು ನಿಲ್ಲುತ್ತದೆ. ಮುಂದಕ್ಕೆ ಹೋಗಲು ನೆಲವೇ ಇಲ್ಲ. ಮೇಲೆ ಬಂದರೆ ಎದುರಿಗೇ ಸ್ಟೇಟನ್ ಐಲೆಂಡಿಗೆ ಹೋಗುವ ಕಿತ್ತಳೆ ಬಣ್ಣದ ಹಡಗುಗಳು, ಅವುಗಳಾಚೆ ಬಂದರಿನ ಬೂದು ನೀರು, ದೂರದಲ್ಲಿ ಸ್ವಾತಂತ್ರ್ಯ ದೇವತೆಯ ಪ್ರತಿಮೆ. ಇಲ್ಲಿಳಿಯುವ ಪ್ರವಾಸಿಗರೆಲ್ಲ ಆ ಪ್ರತಿಮೆಯತ್ತ ಓಡುತ್ತಾರೆ. ನಾನು ನೋಡಲು ಬಂದದ್ದು ನಿಲ್ದಾಣದ ಬಾಗಿಲುಗಳನ್ನು.

ಸಾಧಾರಣ ದಿನಗಳಲ್ಲಿ ಅವು ಕಣ್ಣಿಗೆ ಬೀಳುವುದಿಲ್ಲ. ಕಡಲು ಉಕ್ಕುವ ಮುನ್ಸೂಚನೆ ಸಿಕ್ಕಾಗ ಎಳೆದು ಮುಚ್ಚುವಂಥವು. ಹಡಗಿನ ಬಾಗಿಲುಗಳಂತೆ ನೀರು ನುಸುಳದ ಹಾಗೆ ಮಾಡಿಸಿದವು. ರೈಲು ನಿಲ್ದಾಣಕ್ಕೆ ಇಂಥ ಬಾಗಿಲೇಕೆ ಎಂಬುದು ತಿಳಿಯಬೇಕಾದರೆ 2012ರ ಅಕ್ಟೋಬರ್ 29ರ ರಾತ್ರಿಗೆ ಹೋಗಬೇಕು.

ಆ ರಾತ್ರಿ

ಸ್ಯಾಂಡಿ ಚಂಡಮಾರುತ ನ್ಯೂಜೆರ್ಸಿಯ ಅಟ್ಲಾಂಟಿಕ್ ಸಿಟಿಯ ಬಳಿ ದಡ ಮುಟ್ಟಿದ್ದು ರಾತ್ರಿ ಎಂಟರ ಹೊತ್ತಿಗೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಅದು ಅಷ್ಟರಲ್ಲಾಗಲೇ ಚಂಡಮಾರುತದ ಪಟ್ಟ ಕಳೆದುಕೊಂಡಿತ್ತು. ನ್ಯೂಯಾರ್ಕಿನಲ್ಲಿ ಮಳೆಯೂ ಹೆಚ್ಚೇನೂ ಬೀಳಲಿಲ್ಲ. ಆದರೆ ಅಂದು ಹುಣ್ಣಿಮೆ. ಸಮುದ್ರದ ಉಬ್ಬರದ ಹೊತ್ತು. ಗಾಳಿ ತಳ್ಳಿಕೊಂಡು ಬಂದ ನೀರು ಆ ಉಬ್ಬರದ ಬೆನ್ನೇರಿತು. ಇಲ್ಲಿನ ಬ್ಯಾಟರಿ ಉದ್ಯಾನದ ಬಳಿಯ ಅಳತೆಗೋಲಿನಲ್ಲಿ ನೀರಿನ ಮಟ್ಟ ಸುಮಾರು 14 ಅಡಿ ಮುಟ್ಟಿತು. ಅದಕ್ಕೂ ಹಿಂದಿನ ದಾಖಲೆ 1960ರ ಡೋನಾ ಚಂಡಮಾರುತದ್ದು. ಆಗ ಏರಿದ್ದು 10 ಅಡಿ.

ಸೌತ್ ಫೆರಿಯ ಮೆಟ್ಟಿಲುಗಳಿಗೆ ಆಗ ಕಾವಲಿದ್ದದ್ದು ಪ್ಲೈವುಡ್ಡು ಮತ್ತು ಮರಳಿನ ಚೀಲ. ನೀರಿನ ಜೊತೆ ತೇಲಿಬಂದ ಮರದ ದಿಮ್ಮಿಗಳು ಗುದ್ದಿದ ಹೊಡೆತಕ್ಕೆ ಅವು ಚೂರಾದವು. 2009ರಲ್ಲಷ್ಟೇ 53 ಕೋಟಿ ಡಾಲರ್ ಸುರಿದು ಹೊಸದಾಗಿ ಕಟ್ಟಿದ ನಿಲ್ದಾಣವಿದು. ಹಳಿಯ ಮಟ್ಟದಿಂದ ಟಿಕೆಟ್ ಗೇಟುಗಳ ಅಂತಸ್ತಿನವರೆಗೂ ಉಪ್ಪುನೀರು ನಿಂತಿತು; ಸುಮಾರು ಐದೂವರೆ ಕೋಟಿ ಲೀಟರ್. ಮತ್ತೆ ಬಾಗಿಲು ತೆರೆದದ್ದು 2017ರ ಜೂನ್ ಕೊನೆಯಲ್ಲಿ. ಅಷ್ಟರವರೆಗೆ ಜನರನ್ನು ಸುಧಾರಿಸಿದ್ದು ಪಕ್ಕದಲ್ಲೇ ಪಾಳು ಬಿದ್ದಿದ್ದ, 1905ರಷ್ಟು ಹಳೆಯ ನಿಲ್ದಾಣ. ಅಲ್ಲಿ ಹಳಿ ಎಷ್ಟು ತಿರುವೆಂದರೆ ಹತ್ತು ಬೋಗಿಯ ರೈಲಿನಲ್ಲಿ ಮುಂದಿನ ಐದು ಬೋಗಿಗಳ ಬಾಗಿಲು ಮಾತ್ರ ತೆರೆಯಲು ಬರುತ್ತಿತ್ತು. ಮೂಲೆಗೆ ಸರಿಸಿದ್ದ ಮುದುಕನನ್ನೇ ಕರೆದು ಮತ್ತೆ ಕೆಲಸಕ್ಕೆ ಹಚ್ಚಿದರು.

ಹೊಸ ನಿಲ್ದಾಣದ ಒಳಗೆ ಹೋದರೆ ಗಾಜಿನ ಗೋಡೆಗಳ ಮೇಲೆ ಎಲೆಯುದುರಿದ ಮರಗಳ ಕಪ್ಪು ನೆರಳುಗಳು. ಡಗ್ ಮತ್ತು ಮೈಕ್ ಸ್ಟಾರ್ನ್ ಎಂಬ ಅವಳಿ ಕಲಾವಿದರ ಕೃತಿ. ಅದರ ಭಾಗವಾಗಿಯೇ 1640ರ ಮ್ಯಾನ್‌ಹಟನ್ನಿನ ನಕಾಶೆಯ ಮೇಲೆ ಇಂದಿನ ಬೀದಿಗಳನ್ನು ಕೂರಿಸಿದ ಚಿತ್ರವೊಂದಿದೆ. ಅದನ್ನು ನೋಡುತ್ತ ನಿಂತರೆ ಅರ್ಧ ಕಥೆ ಗೊತ್ತಾಗುತ್ತದೆ. ಇಂದಿನ ದಡದ ಬೀದಿಗಳು ಅಂದು ನೀರಿನೊಳಗಿದ್ದವು. ಮಣ್ಣು, ಕಸ, ಕಲ್ಲು ತುಂಬಿ ಊರನ್ನು ಕಡಲಿಗೆ ಚಾಚಿಕೊಂಡವರು ಹಿಂದಿನವರು. 2012ರಲ್ಲಿ ಸಮುದ್ರ ತನ್ನ ಹಳೆಯ ಎಲ್ಲೆಯನ್ನು ಗುರುತು ಹಿಡಿದು ಬಂದಂತಿತ್ತು. ಬ್ಯಾಟರಿಯ ಬಳಿ ಸಮುದ್ರದ ಮಟ್ಟ ಈ ನೂರು ವರ್ಷಗಳಲ್ಲಿ ಹತ್ತಿರ ಹತ್ತಿರ ಒಂದು ಅಡಿ ಏರಿದೆ ಎಂಬುದನ್ನೂ ಸೇರಿಸಿಕೊಳ್ಳಬೇಕು.

ನಿಲ್ಲಿಸುವುದೂ ಒಂದು ಕೆಲಸ

ಈ ಸಬ್‌ವೇ ಶುರುವಾದದ್ದು 1904ರ ಅಕ್ಟೋಬರ್ 27ರಂದು. ಹಗಲೂ ರಾತ್ರಿ ಓಡುವುದೇ ಇದರ ಹೆಗ್ಗಳಿಕೆ. ಹವಾಮಾನದ ಕಾರಣಕ್ಕೆ ಇಡೀ ವ್ಯವಸ್ಥೆಯನ್ನು ಮೊದಲೇ ನಿರ್ಧರಿಸಿ ನಿಲ್ಲಿಸಿದ್ದು 2011ರ ಐರೀನ್ ಚಂಡಮಾರುತದಲ್ಲೇ ಮೊದಲು. ಐರೀನ್ ನಗರಕ್ಕೆ ಹೇಳಿಕೊಳ್ಳುವಂಥ ಹಾನಿ ಮಾಡದೆ ಹೋದಾಗ ಹೆದರಿದ್ದು ಜಾಸ್ತಿಯಾಯಿತು ಎಂದು ಮೂಗು ಮುರಿದವರಿದ್ದರು. ಮರುವರ್ಷ ಆ ಅಭ್ಯಾಸವೇ ಕೈ ಹಿಡಿಯಿತು.

ಸ್ಯಾಂಡಿ ಬರುವ ಹಿಂದಿನ ದಿನ, ಭಾನುವಾರ ಸಂಜೆ ಏಳಕ್ಕೆ ರೈಲುಗಳನ್ನು ನಿಲ್ಲಿಸಲು ಶುರು ಮಾಡಿದರು. ಸ್ವಿಚ್ ಒತ್ತಿದರೆ ನಿಲ್ಲುವ ಯಂತ್ರವಲ್ಲ ಇದು. ಕ್ರಮವಾಗಿ ನಿಲ್ಲಿಸಲು ಎಂಟು ಗಂಟೆ ಬೇಕು. ಗಾಳಿ ಗಂಟೆಗೆ 39 ಮೈಲಿ, ಅಂದರೆ 63 ಕಿಲೋಮೀಟರ್ ಮೀರಿ ಬೀಸುತ್ತಲೇ ಇದ್ದರೆ ನೆಲದ ಮೇಲಿನ ಮಾರ್ಗಗಳಲ್ಲಿ ರೈಲು ಓಡಿಸುವುದಿಲ್ಲ ಎಂಬುದು ಇಲ್ಲಿನ ನಿಯಮ. ಅಷ್ಟರೊಳಗೆ ತಗ್ಗಿನ ಯಾರ್ಡುಗಳಲ್ಲಿದ್ದ ಬೋಗಿಗಳನ್ನು ಎತ್ತರದ ಜಾಗಗಳಿಗೆ ಸಾಗಿಸಬೇಕು. ನೀರು ನುಗ್ಗಬಹುದಾದ ಕಡೆ ಸಿಗ್ನಲ್ಲಿನ ಮೋಟಾರುಗಳನ್ನು ಬಿಚ್ಚಿ ತೆಗೆಯಬೇಕು. ರೈಲಿಗೆ ವಿದ್ಯುತ್ ಉಣಿಸುವ ಮೂರನೇ ಹಳಿಯ ಸಂಪರ್ಕವನ್ನು ಕಡಿಯಬೇಕು. ವಿದ್ಯುತ್ ಹರಿಯುತ್ತಿರುವಾಗ ಉಪ್ಪುನೀರು ತಾಗಿದರೆ ಆಗುವ ನಷ್ಟ ಹಲವು ಪಾಲು ಹೆಚ್ಚು.

ಇದರ ಬೆಲೆ ಗೊತ್ತಾಗುವುದು ನದಿಯಾಚೆ ನೋಡಿದಾಗ. ನ್ಯೂಜೆರ್ಸಿಯ ರೈಲು ಸಂಸ್ಥೆ ತನ್ನ ಬೋಗಿಗಳನ್ನೂ ಎಂಜಿನ್ನುಗಳನ್ನೂ ಕಿಯರ್ನಿ ಮತ್ತು ಹೊಬೊಕನ್‌ನ ತಗ್ಗು ಯಾರ್ಡುಗಳಲ್ಲೇ ಬಿಟ್ಟಿತು. ಮುನ್ನೂರಕ್ಕೂ ಹೆಚ್ಚು ನೀರಲ್ಲಿ ಮುಳುಗಿದವು. ಒಂದೇ ಬಿರುಗಾಳಿ, ಒಂದೇ ಮುನ್ಸೂಚನೆ. ನ್ಯೂಯಾರ್ಕಿನ ಸಬ್‌ವೇ ಕಳೆದುಕೊಂಡ ಬೋಗಿಗಳು ಮಾತ್ರ ಬೆರಳೆಣಿಕೆಯಷ್ಟು. ಹಡ್ಸನ್ ನದಿಯಡಿ ಓಡುವ ಪಾತ್ ರೈಲಿನ ಹೊಬೊಕನ್ ನಿಲ್ದಾಣದಲ್ಲಿ ಲಿಫ್ಟಿನ ಬಾಗಿಲ ಸಂದಿಯಿಂದ ನೀರು ಜಲಪಾತದಂತೆ ಸುರಿಯುವ ಚಿತ್ರವನ್ನು ಅಂದು ಜಗತ್ತೆಲ್ಲ ನೋಡಿತು. ಆ ನಿಲ್ದಾಣ ತೆರೆದದ್ದು ಡಿಸೆಂಬರಿನಲ್ಲಿ. ಈ ರೈಲುಗಳನ್ನೇ ನಂಬಿಕೊಂಡು ಕೆಲಸಕ್ಕೆ ಹೋಗುವ ಕನ್ನಡದ ಕುಟುಂಬಗಳು ಜೆರ್ಸಿ ಸಿಟಿಯಲ್ಲೂ ಎಡಿಸನ್ನಿನಲ್ಲೂ ಬಹಳ ಇವೆ. ಅಲ್ಲಿ ನನ್ನನ್ನು ಉಳಿಸಿಕೊಂಡ ಮನೆಯ ಅಮ್ಮನವರು ಹೇಳಿದ್ದಿಷ್ಟು: “ನೀರು ಒಂದೇ ರಾತ್ರೀಲಿ ಬಂದು ಹೋಯ್ತು ಕಣ್ರೀ. ರೈಲು ಸರಿಹೋಗೋಕೆ ಮಾತ್ರ ಚಳಿಗಾಲ ಬಂತು.”

ಉಪ್ಪಿನ ಲೆಕ್ಕ

ಸೌತ್ ಫೆರಿಗೆ ಅಂಟಿಕೊಂಡೇ ವೈಟ್‌ಹಾಲ್ ಸ್ಟ್ರೀಟ್ ನಿಲ್ದಾಣವಿದೆ. ಇಲ್ಲಿಂದ ಆರ್ ರೈಲು ಈಸ್ಟ್ ರಿವರಿನ ಅಡಿಯ ಮಾಂಟೆಗ್ಯೂ ಸುರಂಗ ಹಿಡಿದು ಬ್ರೂಕ್ಲಿನ್ನಿಗೆ ಹೋಗುತ್ತದೆ. ಸ್ಯಾಂಡಿಯಲ್ಲಿ ಈ ಒಂದು ಸುರಂಗಕ್ಕೇ ಸುಮಾರು ಹತ್ತು ಕೋಟಿ ಲೀಟರ್ ನೀರು ನುಗ್ಗಿತ್ತು. ನಗರದ ಸಬ್‌ವೇಗೆ ನೀರಿನಡಿಯ ಸುರಂಗಗಳು ಒಟ್ಟು 14. ಅವುಗಳಲ್ಲಿ 9ಕ್ಕೆ ಹಾನಿಯಾಯಿತು. ಕೊಲಂಬಿಯಾ ವಿಶ್ವವಿದ್ಯಾಲಯದ ವಿಜ್ಞಾನಿ ಕ್ಲೌಸ್ ಜೇಕಬ್ ಮತ್ತು ಸಂಗಡಿಗರು ಹಿಂದಿನ ವರ್ಷವಷ್ಟೇ ಪ್ರಕಟವಾದ ವರದಿಯಲ್ಲಿ ಹೀಗಾಗಬಹುದೆಂದು ಬರೆದಿದ್ದರು. ಸುರಂಗಗಳು ತುಂಬಲು ಒಂದು ಗಂಟೆಯೂ ಬೇಡ ಎಂದಿದ್ದರು.

ನೀರು ಹೊಸ ನೆಂಟನಲ್ಲ. ಮಳೆಯಿಲ್ಲದ ದಿನವೂ ಈ ಸುರಂಗಗಳಿಂದ ಸುಮಾರು ಐದು ಕೋಟಿ ಲೀಟರ್ ನೀರನ್ನು ಪಂಪುಗಳು ಎತ್ತಿ ಹೊರಹಾಕುತ್ತಲೇ ಇರುತ್ತವೆ. ಅದು ಒಸರುವ ಸಿಹಿನೀರು. ಸ್ಯಾಂಡಿಯದು ಕಡಲ ನೀರು. ಅದನ್ನು ಹೊರಹಾಕಲು ಪಂಪ್ ರೈಲುಗಳು ಬಂದವು, ಸೇನೆಯ ಎಂಜಿನಿಯರುಗಳು ಬಂದರು. ಮೂರನೇ ದಿನ, ನವೆಂಬರ್ 1ಕ್ಕೆ, ಕೆಲವು ರೈಲುಗಳು ಓಡಿದವು. ಕೆಳ ಮ್ಯಾನ್‌ಹಟನ್ನಿನಲ್ಲಿ ಕರೆಂಟಿಲ್ಲದ್ದರಿಂದ ಉತ್ತರದಿಂದ ಬಂದ ರೈಲುಗಳು 34ನೇ ಬೀದಿಯಲ್ಲೇ ನಿಂತವು. ಬ್ರೂಕ್ಲಿನ್ನಿನವರನ್ನು ಬಸ್ಸುಗಳಲ್ಲಿ ಸೇತುವೆ ದಾಟಿಸಿದರು.

ರೈಲು ಓಡಿತೆಂದು ಜನ ಮರೆತರು, ಉಪ್ಪು ಮರೆಯಲಿಲ್ಲ. ನೀರು ಒಣಗಿದ ಮೇಲೂ ರಿಲೇಗಳಲ್ಲಿ, ಕೇಬಲ್ಲುಗಳಲ್ಲಿ, ಕಾಂಕ್ರೀಟಿನೊಳಗೆ ಅದು ಕುಳಿತು ತಿನ್ನುತ್ತಲೇ ಹೋಯಿತು. ಮಾಂಟೆಗ್ಯೂ ಸುರಂಗವನ್ನು 2013ರ ಆಗಸ್ಟಿನಿಂದ ಹದಿಮೂರು ತಿಂಗಳು ಮುಚ್ಚಿ ಒಳಗಿನದನ್ನೆಲ್ಲ ಕಿತ್ತು ಹೊಸದಾಗಿ ಹಾಕಬೇಕಾಯಿತು. 14ನೇ ಬೀದಿಯ ಅಡಿ ಓಡುವ ಎಲ್ ರೈಲಿನ ಕನಾರ್ಸಿ ಸುರಂಗ 1924ರದು. ಅದನ್ನು 2019ರ ಏಪ್ರಿಲ್‌ನಿಂದ ಹದಿನೈದು ತಿಂಗಳು ಮುಚ್ಚುವುದೆಂದು ಗೊತ್ತಾಗಿ, ದಿನವೂ ಅದರಲ್ಲಿ ಹೋಗುವ ಲಕ್ಷಾಂತರ ಜನ ಮನೆ ಬದಲಿಸುವ ಯೋಚನೆಯಲ್ಲಿದ್ದಾಗ ಗವರ್ನರ್ ಆಂಡ್ರೂ ಕ್ಯೂಮೊ ಯೋಜನೆಯನ್ನೇ ಬದಲಿಸಿದರು. ಕೇಬಲ್ಲುಗಳನ್ನು ಹಾಳಾದ ಕಾಂಕ್ರೀಟಿನ ಕಟ್ಟೆಯೊಳಗಿನಿಂದ ಬಿಡಿಸಿ ಗೋಡೆಗೆ ತೂಗುಹಾಕುವುದು, ಕೆಲಸವನ್ನು ರಾತ್ರಿ ಮತ್ತು ವಾರಾಂತ್ಯದಲ್ಲಿ ಮಾಡುವುದು ಎಂದಾಯಿತು. ಮುಗಿದದ್ದು 2020ರ ಏಪ್ರಿಲ್‌ನಲ್ಲಿ. ಒಂದು ರಾತ್ರಿಯ ನೀರಿಗೆ ಏಳೂವರೆ ವರ್ಷದ ಕಂದಾಯ.

ತೂತುಗಳ ಹಿಂದೆ ಹೊರಟು

ಸೌತ್ ಫೆರಿಯಿಂದ ಉತ್ತರಕ್ಕೆ ಟ್ರೈಬೆಕಾ ಬಡಾವಣೆಯತ್ತ ನಡೆಯುವಾಗ ಕಣ್ಣು ತಾನಾಗಿ ನೆಲಕ್ಕೆ ಹೋಗುತ್ತದೆ. ಕಾಲುದಾರಿಯುದ್ದಕ್ಕೂ ಕಬ್ಬಿಣದ ಜಾಲರಿ. ಕೆಳಗೆ ರೈಲು ಹೋದಾಗ ಬಿಸಿಗಾಳಿ ಮೇಲಕ್ಕೆ ಹೊಡೆಯುತ್ತದೆ. ಗಾಳಿ ಬರುವ ದಾರಿಯೇ ನೀರು ಹೋಗುವ ದಾರಿ. ಮೆಟ್ಟಿಲು, ಲಿಫ್ಟು, ಮ್ಯಾನ್‌ಹೋಲು, ಜಾಲರಿ ಎಂದು ನೀರಿಳಿಯುವ ತೂತುಗಳು ಕೆಳ ಮ್ಯಾನ್‌ಹಟನ್ನಿನಲ್ಲಿ ಲೆಕ್ಕವಿಲ್ಲದಷ್ಟು. ಒಂದನ್ನು ಬಿಟ್ಟರೂ ಉಳಿದವನ್ನು ಮುಚ್ಚಿದ್ದು ವ್ಯರ್ಥ. ಹಾಗಾಗಿ ಸ್ಯಾಂಡಿಯ ನಂತರ ನಡೆದ ಕೆಲಸವೆಲ್ಲ ತೂತು ಹುಡುಕುವ ಕೆಲಸ. ಕೆಲವು ಜಾಲರಿಗಳ ಕೆಳಗೆ ಮುಚ್ಚುವ ಕದಗಳಿವೆ. ಸ್ಯಾಂಡಿಗೂ ಮೊದಲೇ, ಸಬ್‌ವೇಗೆ ನೀರು ನುಗ್ಗಿಸಿದ 2007ರ ಆಗಸ್ಟಿನ ಮಳೆಯ ನಂತರ, ಕೆಲವನ್ನು ಕಾಲುದಾರಿಗಿಂತ ಎತ್ತರಿಸಿದ್ದಾರೆ. ಕ್ವೀನ್ಸಿನ ಹಿಲ್‌ಸೈಡ್ ಅವೆನ್ಯೂದಲ್ಲಿ ಅಂಥದರ ಮೇಲೆ ಜನ ಕುಳಿತು ಬಸ್ಸು ಕಾಯುತ್ತಾರೆ, ಸೈಕಲ್ ಕಟ್ಟುತ್ತಾರೆ.

ಕೆಲವು ಮೆಟ್ಟಿಲುಗಳ ಎರಡೂ ಪಕ್ಕಕ್ಕೆ ಹಲಗೆ ಇಳಿಬಿಡಲು ತೋಡು ಕೊರೆದ ಕಂಬಗಳನ್ನು ನಿಲ್ಲಿಸುವ ಏರ್ಪಾಡಿದೆ. ನಮ್ಮ ಕರಾವಳಿಯ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುವುದನ್ನು ನೋಡಿದವರಿಗೆ ವಿವರಿಸಬೇಕಾಗಿಲ್ಲ. ಒಂದರ ಮೇಲೊಂದು ಇಳಿಸುತ್ತ ಹೋಗುವುದು, ಸಂದಿ ಬಿಗಿ ಮಾಡುವುದು. ಇಲ್ಲಿ ಹಲಗೆ ಅಲ್ಯೂಮಿನಿಯಮ್ಮಿನದು ಎಂಬುದಷ್ಟೇ ವ್ಯತ್ಯಾಸ.

ಬೆರಗು ಹುಟ್ಟಿಸುವುದು ಫ್ಲೆಕ್ಸ್ ಗೇಟ್. ಮೆಟ್ಟಿಲ ಬಾಯಿಯ ಮೇಲೆ ಅಡ್ಡಲಾಗಿ ಎಳೆದು ಬಿಗಿಯುವ ಗಟ್ಟಿ ನೇಯ್ಗೆಯ ಹೊದಿಕೆ ಅದು. ಮಾಡುವವರು ಐಎಲ್‌ಸಿ ಡೋವರ್; ಚಂದ್ರನ ಮೇಲೆ ನಡೆದ ಅಪೊಲೊ ಯಾತ್ರಿಗಳ ಉಡುಪು ಹೊಲಿದ ಕಂಪನಿ. 2019ರ ನವೆಂಬರಿನಲ್ಲಿ ವಿಲಿಯಮ್ಸ್‌ಬರ್ಗಿನ ಬ್ರಾಡ್‌ವೇ ನಿಲ್ದಾಣದಲ್ಲಿ ಇದನ್ನು ಪರೀಕ್ಷಿಸಲು ಮೆಟ್ಟಿಲ ಬಾಯಿಗೆ ನೀರು ತುಂಬಿ ಗಂಟೆಗಟ್ಟಲೆ ಬಿಟ್ಟಿದ್ದರು. ಬಿಸಿಲು ಬಿದ್ದ ದಿನ ಸಬ್‌ವೇ ಮೆಟ್ಟಿಲಲ್ಲಿ ಕೊಳ ಕಂಡ ದಾರಿಹೋಕರು ಫೋಟೋ ತೆಗೆದು ಇದೇನಿದು ಎಂದು ಊರಿಗೆಲ್ಲ ಹಂಚಿದರು.

ಇನ್ನೊಂದು ಬಗೆಯ ರಕ್ಷಣೆ ನೋಡಬೇಕಾದರೆ ಎ ರೈಲು ಹತ್ತಿ ರಾಕ್‌ಅವೇಗೆ ಹೋಗಬೇಕು. ಹೋವರ್ಡ್ ಬೀಚ್ ದಾಟಿದ ಮೇಲೆ ರೈಲು ಊರನ್ನು ಬಿಟ್ಟು ಜಮೈಕಾ ಕೊಲ್ಲಿಯ ನಡುವೆ ಓಡುತ್ತದೆ. ಎರಡೂ ಬದಿಗೆ ಜೌಗು ಹುಲ್ಲು, ನೀರು, ಕೊಕ್ಕರೆ. ಸ್ಯಾಂಡಿ ಈ ಏರಿಯನ್ನು ಕೊಚ್ಚಿ ಹಳಿಯನ್ನು ಗಾಳಿಯಲ್ಲಿ ತೂಗುಹಾಕಿತು. ಅತ್ತ ಕಡೆಯ ಜನ ಒಂಟಿಯಾದರು. ಆಗ ಇಪ್ಪತ್ತು ಬೋಗಿಗಳನ್ನು ಲಾರಿಗಳ ಮೇಲೆ ಹೇರಿ ರಸ್ತೆಯಲ್ಲಿ ಸಾಗಿಸಿ, ಆ ಕಡೆಯ ಹಳಿಗಳ ಮೇಲಿಳಿಸಿ ಪುಕ್ಕಟೆ ರೈಲು ಓಡಿಸಿದರು. ಮಾರ್ಗ ಮತ್ತೆ ಕೂಡಿಕೊಂಡದ್ದು 2013ರ ಮೇ 30ಕ್ಕೆ. ಕಿಟಕಿಯಿಂದ ಈಗ ಕಾಣುವ, ಹಳಿಯ ಪಕ್ಕಕ್ಕೆ ನೆಲದಾಳಕ್ಕೆ ಹೂಳಿದ ಉಕ್ಕಿನ ಗೋಡೆ ಸ್ಯಾಂಡಿಯ ನಂತರದ್ದು.

ಇನ್ನೊಂದು ನೀರು

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂದು ಇದನ್ನೆಲ್ಲ ನೋಡಿ ನಗಬಹುದು. ಆದರೆ ಕೊಳ್ಳೆ ಹೊಡೆಯುವವನು ಮತ್ತೆ ಬರುವವನೇ. ತೊಡಕಿರುವುದು ಅವನು ಅದೇ ಬಾಗಿಲಿಗೆ ಬರುವುದಿಲ್ಲ ಎಂಬುದರಲ್ಲಿ. 2021ರ ಸೆಪ್ಟೆಂಬರ್ 1ರಂದು ಐಡಾ ಚಂಡಮಾರುತದ ಪಳೆಯುಳಿಕೆ ನ್ಯೂಯಾರ್ಕಿನ ಮೇಲೆ ಹಾದುಹೋದಾಗ ಸಮುದ್ರ ಸುಮ್ಮನಿತ್ತು. ಸೆಂಟ್ರಲ್ ಪಾರ್ಕಿನಲ್ಲಿ ಒಂದೇ ಗಂಟೆಯಲ್ಲಿ 80 ಮಿಲಿಮೀಟರ್ ಮಳೆ ಬಿತ್ತು. ನಗರದ ಚರಂಡಿಗಳ ಶಕ್ತಿ ಗಂಟೆಗೆ 44 ಮಿಲಿಮೀಟರ್. ಉಳಿದ ನೀರು ಸಬ್‌ವೇಗೆ ಇಳಿಯಿತು. ದಡದಿಂದ ದೂರದ, ದ್ವೀಪದ ನಡುವಿನ 28ನೇ ಬೀದಿಯ ನಿಲ್ದಾಣದಲ್ಲಿ ಪ್ಲಾಟ್‌ಫಾರ್ಮಿಗೆ ನೀರು ಚಿಮ್ಮಿ ಸುರಿಯಿತು. 2025ರ ಜುಲೈನ ಮಳೆಯಲ್ಲೂ ಅದೇ ನಿಲ್ದಾಣದಲ್ಲಿ ಅದೇ ಆಟ.

ಕಡಲಿನ ಉಬ್ಬರ ದಿನಗಳ ಮುಂಚೆ ಹೇಳಿಕಳಿಸುತ್ತದೆ. ಹಲಗೆ ಇಳಿಸಲು, ಬೋಗಿ ಸಾಗಿಸಲು ಹೊತ್ತು ಕೊಡುತ್ತದೆ. ಮೋಡ ಒಡೆದರೆ ಎಂಟು ಗಂಟೆಯ ಕ್ರಮಕ್ಕೆ ಎಡೆಯೇ ಇಲ್ಲ, ರೈಲಿನ ತುಂಬ ಜನರಿರುತ್ತಾರೆ. ಚರಂಡಿ ಸಬ್‌ವೇಯವರದಲ್ಲ, ನಗರಪಾಲಿಕೆಯದು. ಬಾಗಿಲು ಹಾಕುವುದನ್ನು ರೈಲಿನವರು ಕಲಿತಿದ್ದಾರೆ. ಇನ್ನು ಕೆಲಸವಿರುವುದು ಬೀದಿಯ ಮೇಲೆ, ಅವರ ಕೈಗೆ ನಿಲುಕದ ಕಡೆ.

ಹೋಗುವವರಿಗೆ: ಸೌತ್ ಫೆರಿಗೆ 1ನೇ ನಂಬರಿನ ರೈಲು, ವೈಟ್‌ಹಾಲ್ ನಿಲ್ದಾಣಕ್ಕೆ ಒಳಗಿನಿಂದಲೇ ದಾರಿಯಿದೆ. ಸ್ಟೇಟನ್ ಐಲೆಂಡ್ ಹಡಗಿಗೆ ಟಿಕೆಟ್ ಇಲ್ಲ. ದ್ವೀಪದ ತುದಿ ನೀರಿಗೆ ಎಷ್ಟು ತಗ್ಗಿನಲ್ಲಿದೆ ಎಂಬುದು ಹಡಗಿನ ಹಿಂಭಾಗದಲ್ಲಿ ನಿಂತರೆ ಚೆನ್ನಾಗಿ ಕಾಣುತ್ತದೆ. ಫ್ಲೆಕ್ಸ್ ಗೇಟ್ ಪರೀಕ್ಷೆ ನಡೆದ ಬ್ರಾಡ್‌ವೇ ನಿಲ್ದಾಣಕ್ಕೆ ಜಿ ರೈಲು. ರಾಕ್‌ಅವೇಗೆ ಎ ರೈಲು ಹತ್ತುವಾಗ ಹಲಗೆಯ ಮೇಲಿನ ಕೊನೆಯ ನಿಲ್ದಾಣದ ಹೆಸರು ನೋಡಿಕೊಳ್ಳಿ. ಎಲ್ಲ ಎ ರೈಲುಗಳೂ ಕೊಲ್ಲಿ ದಾಟುವುದಿಲ್ಲ.