ಬೆಲೆ ಹೇಳುವ ಹೆಣ್ಣುಮಕ್ಕಳು

ಸುಗ್ಗಿಯ ಸೋಮವಾರ, ಗುರುವಾರ ಹಾವೇರಿ ಜಿಲ್ಲೆಯ ಬ್ಯಾಡಗಿಯಲ್ಲಿ ಗಾಳಿಗೇ ಮೆಣಸಿನಕಾಯಿಯ ಘಾಟು ಹತ್ತಿರುತ್ತದೆ. ರೈಲು ಇಳಿದು ಪೇಟೆಯ ಕಡೆ ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಮೂಗು ಸುರ್ರೆನ್ನುತ್ತದೆ. ಹೊಸಬರು ಸೀನುತ್ತ ಕರವಸ್ತ್ರ ಹುಡುಕುತ್ತಾರೆ. ಊರವರು ಅದರ ಗೊಡವೆಯೇ ಇಲ್ಲದೆ ಚಹಾದಂಗಡಿ ಮುಂದೆ ದರದ ಮಾತಾಡುತ್ತ ನಿಂತಿರುತ್ತಾರೆ. ಬಳ್ಳಾರಿ, ರಾಯಚೂರು, ಗದಗ, ಆಂಧ್ರದ ಕರ್ನೂಲು ಕಡೆಯ ಲಾರಿಗಳು ರಾತ್ರಿಯೇ ಬಂದು ಸಾಲುಗಟ್ಟಿವೆ. ಸುಗ್ಗಿ ಏರಿದಾಗ ಒಂದೇ ಸಂತೆಗೆ ಲಕ್ಷ ಚೀಲ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ಅಡತಿ ಅಂಗಡಿಗಳ ಮುಂದೆ ಸುರಿದ ರಾಶಿಗಳಲ್ಲಿ ಎರಡು ಬಗೆಯ ಕೆಂಪು: ಗಿಡ್ಡಗೆ, ದಪ್ಪಗೆ, ಬಣ್ಣ ತುಂಬಿಕೊಂಡ ಡಬ್ಬಿ, ಉದ್ದಕ್ಕೆ, ತೆಳ್ಳಗೆ, ಮೈಯೆಲ್ಲ ಸುಕ್ಕುಗಟ್ಟಿದ ಕಡ್ಡಿ. ಖರೀದಿದಾರರು ರಾಶಿಗೆ ಕೈ ಹಾಕಿ ಒಂದು ಹಿಡಿ ಎತ್ತುತ್ತಾರೆ, ಒಂದು ಕಾಯಿ ಮುರಿದು ಒಳಗಿನ ಬಣ್ಣ ನೋಡುತ್ತಾರೆ, ಮುಂದಿನ ರಾಶಿಗೆ ನಡೆಯುತ್ತಾರೆ. ದರ ಕಂಪ್ಯೂಟರಿನ ಟೆಂಡರಿನಲ್ಲಿ ಬೀಳುತ್ತದೆ.

ಈ ಗದ್ದಲ ದಾಟಿ ಗೋದಾಮಿನ ಒಳಗೆ ಹೋದರೆ ಅಲ್ಲಿರುವವರೆಲ್ಲ ಹೆಣ್ಣುಮಕ್ಕಳು. ಮೂಗು, ಬಾಯಿ ಮುಚ್ಚುವಂತೆ ಸೆರಗು ಸುತ್ತಿಕೊಂಡು, ಕಣ್ಣಷ್ಟೇ ಕಾಣುವ ಹಾಗೆ, ರಾಶಿಯ ಸುತ್ತ ಕುಳಿತಿರುತ್ತಾರೆ. ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುವುದು ಅವರ ಕೆಲಸ. ಒಂದು ಕೈಯಲ್ಲಿ ಕಾಯಿಯ ಹೆಗಲು ಹಿಡಿದು, ಇನ್ನೊಂದರ ಹೆಬ್ಬೆರಳನ್ನು ತುಂಬಿನ ಬುಡಕ್ಕೆ ಒತ್ತಿ ಒಂದು ತಿರುವು. ಟಕ್ ಎನ್ನುತ್ತದೆ. ತುಂಬು ಒಂದು ಕಡೆ, ಕಾಯಿ ಇನ್ನೊಂದು ಕಡೆ. ಜೋರು ಮಾಡಿದರೆ ಕಾಯಿ ಸೀಳಿ ಬೀಜ ಉದುರುತ್ತದೆ. ಮೆತ್ತಗಾದರೆ ತುಂಬು ಅರ್ಧಕ್ಕೆ ಮುರಿದು ಅಲ್ಲೇ ಉಳಿಯುತ್ತದೆ. ನೋಡುತ್ತ ನಿಂತರೆ ಬೆರಳು ಕಾಣುವುದಿಲ್ಲ, ಟಕ್ ಟಕ್ ಸದ್ದು ಮಾತ್ರ ಕೇಳಿಸುತ್ತದೆ. ಮಾತು, ನಗು, ಮಗಳ ಬಾಣಂತನದ ಚಿಂತೆ ಎಲ್ಲ ಅದರ ಮೇಲೆಯೇ ನಡೆಯುತ್ತದೆ. ಸಂಜೆ ತೂಕ. ಕಿಲೋಗೆ ಇಷ್ಟೆಂದು ಕೂಲಿ. ಮನೆಗೆ ಹೋಗಿ ಕೈ ತೊಳೆದರೂ ಉರಿ ಹೋಗುವುದಿಲ್ಲ. ಹಾಲು ಕುಡಿಯುವ ಕೂಸಿದ್ದವಳಿಗೆ ಅದನ್ನು ಎತ್ತಿಕೊಳ್ಳಲೂ ಅಂಜಿಕೆ.

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಖಾರ ಕಡಿಮೆ, ಬಣ್ಣ ಹೆಚ್ಚು ಎಂಬುದೇ ಇದರ ಕೀರ್ತಿ. ಇದರಿಂದ ತೆಗೆದ ಓಲಿಯೋರೆಸಿನ್ ಎಂಬ ಸತ್ವ ತಿನಿಸಿಗಷ್ಟೇ ಅಲ್ಲ, ಲಿಪ್‌ಸ್ಟಿಕ್ಕಿಗೂ ಬಣ್ಣ ಕೊಡುತ್ತದೆ. 2024ರ ಮಾರ್ಚ್ 11ರ ಸೋಮವಾರ ದರ ಕುಸಿದಾಗ ರೈತರ ಸಿಟ್ಟು ಬೆಂಕಿಯಾಗಿ ಎಪಿಎಂಸಿಯ ಅಂಗಳದಲ್ಲಿ ವಾಹನಗಳು ಉರಿದದ್ದು ದೇಶಕ್ಕೆಲ್ಲ ಗೊತ್ತಾಯಿತು. ರೈತರ ಸಂಕಟ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪೇಟೆ ನಿಂತ ದಿನ ತುಂಬು ಬಿಡಿಸುವವಳ ಕೂಲಿಯೂ ನಿಲ್ಲುತ್ತದೆ ಎಂಬುದನ್ನು ಯಾರೂ ಬರೆಯಲಿಲ್ಲ. ಈ ವ್ಯಾಪಾರದಲ್ಲಿ ರೈತ, ದಲಾಲ, ಖರೀದಿದಾರ ಎಲ್ಲರೂ ಬೆಲೆಯ ಮಾತಾಡುತ್ತಾರೆ. ಬೆಲೆ ಕೇಳಿಸಿಕೊಳ್ಳುವವಳು ಇವಳೊಬ್ಬಳೇ.

ಹಾಗಾಗಿಯೇ ಈ ಸೀಮೆಯಲ್ಲಿ ಹೆಣ್ಣುಮಗಳೊಬ್ಬಳು ತನ್ನ ಸರಕಿಗೆ ತಾನೇ ಬೆಲೆ ಹೇಳುವುದನ್ನು ಕಂಡರೆ ಸುಮ್ಮನೆ ದಾಟಿ ಹೋಗಲಾಗುವುದಿಲ್ಲ.

ಪೇಟೆಯಿಂದ ಸ್ವಲ್ಪ ಒಳಗಿನ ಓಣಿಗಳಲ್ಲಿ, ಸುತ್ತಲಿನ ಹಳ್ಳಿಗಳಲ್ಲಿ, ಅಂಥ ಮನೆಗಳು ಹೆಚ್ಚುತ್ತಿವೆ. ಪಡಸಾಲೆಯಲ್ಲಿ ಪುಡಿ ಮಾಡುವ ಯಂತ್ರ, ಮಾಳಿಗೆಯ ಮೇಲೆ ಹಳೆಯ ಸೀರೆ ಹಾಸಿ ಒಣಹಾಕಿದ ಮೆಣಸಿನಕಾಯಿ. ಮಸಾಲಿ ಖಾರಕ್ಕೆ ಕೊತ್ತಂಬರಿ ಬೀಜ, ಒಣಕೊಬ್ಬರಿ, ಬೆಳ್ಳುಳ್ಳಿ, ಜೀರಿಗೆ ಹುರಿದು ಕೂಡಿಸುವ ಹದ ಒಂದೊಂದು ಮನೆಗೆ ಒಂದೊಂದು. ಮಷೀನು ಬಿಸಿಯಾದರೆ ಪುಡಿಯ ಬಣ್ಣ ಕಂದುತ್ತದೆ ಎಂದು ನಡುನಡುವೆ ನಿಲ್ಲಿಸಿ ಆರಿಸುತ್ತಾರೆ. ಶೇಂಗಾ, ಗುರೆಳ್ಳು, ಅಗಸಿ ಚಟ್ನಿಪುಡಿ ವರ್ಷವಿಡೀ ಉಂಟು. ಹಸಿ ಕೆಂಪು ಮೆಣಸಿನಕಾಯಿ ಬರುವ ಕಾಲಕ್ಕೆ ರಂಜಕ: ಕಾಯಿ, ಬೆಳ್ಳುಳ್ಳಿ, ಉಪ್ಪು, ಲಿಂಬೆಹುಳಿ ಅರೆದು ಭರಣಿಗೆ ತುಂಬಿ ಬಾಯಿ ಕಟ್ಟಿದರೆ ಮುಂದಿನ ಕೆಲಸ ದಿನಗಳದ್ದು.

ಇಲ್ಲಿ ಕಷ್ಟದ ಲೆಕ್ಕ ಬೇರೆಯೇ ಇದೆ. ಕಾಯಿಯ ದರ ಇಳಿದಿರುವ ಸುಗ್ಗಿಯಲ್ಲಿ ವರ್ಷಕ್ಕಾಗುವಷ್ಟು ಕೊಂಡಿಡಬೇಕು, ಆದರೆ ಆಗಲೇ ಕೈಯಲ್ಲಿ ಹಣ ಇರುವುದಿಲ್ಲ. ಕೊಂಡರೂ ಮಳೆಗಾಲದ ತೇವಕ್ಕೆ ಮನೆಯಲ್ಲಿಟ್ಟ ಕಾಯಿ ಬಣ್ಣ ಕಳೆದುಕೊಳ್ಳುತ್ತದೆ. ಬ್ಯಾಡಗಿಯ ಸುತ್ತ ಕೋಲ್ಡ್ ಸ್ಟೋರೇಜುಗಳಿಗೆ ಬರವಿಲ್ಲ; ಅಲ್ಲಿ ಎರಡು ಚೀಲ ಇಡಲು ಬಂದವಳನ್ನೂ ಎರಡು ಸಾವಿರ ಚೀಲದವರಂತೆ ಮಾತಾಡಿಸಿದರೆ ಸಾಕು.

ರಾಣೆಬೆನ್ನೂರಿನ ಕಡೆ ಹೊರಟರೆ ಹೊಲಗಳ ನಡುವೆ ಬಿಳಿ ಪರದೆಯ ನೆಟ್‌ಹೌಸ್‌ಗಳು ಕಾಣತೊಡಗುತ್ತವೆ. ಟೊಮೆಟೊ, ಮೆಣಸಿನಕಾಯಿ, ಸೌತೆ, ದೊಣಮೆಣಸು: ದೇಶದ ಎಲ್ಲೆಲ್ಲಿಯೋ ರೈತರು ಬಿತ್ತುವ ಹೈಬ್ರಿಡ್ ಬೀಜ ಹುಟ್ಟುವುದು ಇಲ್ಲಿ, ಐದು-ಹತ್ತು ಗುಂಟೆಯ ಈ ಪರದೆಗಳೊಳಗೆ. ಧಾರವಾಡದಲ್ಲಿ ರೂಪುಗೊಂಡ ವರಲಕ್ಷ್ಮಿ (1972), ಜಯಲಕ್ಷ್ಮಿ (1981) ಎಂಬ ಹೈಬ್ರಿಡ್ ಹತ್ತಿಗಳ ಕಾಲದಿಂದಲೂ ಈ ಭಾಗದ ಹೆಣ್ಣುಮಕ್ಕಳ ಕೈಗೆ ಹೂವಿನ ಕೆಲಸ ಹತ್ತಿದೆ. ಊರ ಮಾತಿನಲ್ಲಿ ಅದು ‘ಕ್ರಾಸಿಂಗ್’.

ಟೊಮೆಟೊ ಸಾಲಿನಲ್ಲಿ ಒಬ್ಬಾಕೆಯ ಹಿಂದೆ ನಿಂತು ನೋಡಬೇಕು. ನಾಳೆ ಅರಳುವ ಮೊಗ್ಗು ಯಾವುದೆಂದು ಅವಳಿಗೆ ಹಳದಿಯ ಎಳಸುತನದಿಂದಲೇ ಗೊತ್ತು. ಇವತ್ತು ಅರಳಿದ್ದು ತಡವಾಯಿತು, ನಾಡಿದ್ದಿನದು ಬೇಗವಾಯಿತು. ಚಿಮುಟದಿಂದ ಮೊಗ್ಗು ಬಿಡಿಸಿ, ಒಳಗಿನ ಗಂಡುಕೇಸರದ ಕೊಳವೆಯನ್ನು ಇಡಿಯಾಗಿ ಎಳೆದು ತೆಗೆಯುತ್ತಾಳೆ. ನಡುವೆ ಸೂಜಿಯಂಥ ಹಸಿರು ಕಡ್ಡಿಯೊಂದು ಉಳಿಯಬೇಕು, ಅದು ಅಲುಗಿದರೆ ಕಾಯಿ ಕಟ್ಟದು. ಮಾರನೆಯ ಬೆಳಿಗ್ಗೆ ಗಂಡು ಸಾಲಿನ ಪರಾಗವನ್ನು ಅದರ ತುದಿಗೆ ಮುಟ್ಟಿಸಿ, ಗುರುತಿಗೆಂದು ಹೂವಿನ ತೊಟ್ಟೆಲೆ ಎರಡನ್ನು ಕತ್ತರಿಸುತ್ತಾಳೆ. ಕಾಯಿ ಹಣ್ಣಾದಾಗ ಆ ಗುರುತಿದ್ದುದನ್ನೇ ಬೀಜಕ್ಕೆ ಕೀಳುವುದು. ಒಂದು ಗಂಡುಕೇಸರ ತಪ್ಪಿ ಉಳಿದರೂ ಬೀಜ ಕಲಬೆರಕೆ. ಕಂಪನಿಯವರು ಬೀಜವನ್ನು ಬಿತ್ತಿ ಬೆಳೆಸಿ ಶುದ್ಧತೆಯ ಪರೀಕ್ಷೆ ಮಾಡುತ್ತಾರೆ, ಅದರಲ್ಲಿ ಬಿದ್ದರೆ ಇಡೀ ಲಾಟು ತಿರಸ್ಕಾರ. ಇಷ್ಟು ಸೂಕ್ಷ್ಮದ ವಿದ್ಯೆಗೆ ಇವತ್ತಿಗೂ ದಿನಗೂಲಿ ಎಂದೇ ಹೆಸರಿರುವುದು ನನಗೆ ಸಹಿಸಲಾಗದ ಮಾತು. ಹೊಲ ಗಂಡನ ಹೆಸರಲ್ಲಿ, ಒಪ್ಪಂದವೂ ಅವನ ಹೆಸರಲ್ಲಿ. ಕೆಲವು ಹೆಣ್ಣುಮಕ್ಕಳು ಗುಂಪು ಕಟ್ಟಿಕೊಂಡು ಇಡೀ ಸಾಲಿನ ಕ್ರಾಸಿಂಗನ್ನು ಗುತ್ತಿಗೆ ಹಿಡಿಯುತ್ತಾರೆ. ಅಲ್ಲಿ ದರ ಕುದುರಿಸುವವಳು ಗುಂಪಿನ ಹಿರಿಯಕ್ಕ. ಮೊದಲು ಇಷ್ಟಾದರೂ ಎಲ್ಲ ಕಡೆ ಆಗಬೇಕು.

ರಾಣೆಬೆನ್ನೂರು ತಾಲ್ಲೂಕಿನದೇ ಮೆಡ್ಲೇರಿಯ ಕಂಬಳಿಗೆ ಹೆಸರಿದೆ. ಉಣ್ಣೆ ಬಿಡಿಸಿ ನೂಲುವುದು ಹೆಂಗಸರು, ಗುಣಿಮಗ್ಗದಲ್ಲಿ ನೇಯುವುದು ಗಂಡಸರು, ನಡುವೆ ಹುಣಸೆಬೀಜದ ಗಂಜಿ. ಹನ್ನೆರಡನೇ ಶತಮಾನದಲ್ಲಿ ನೂಲುವ ಕಾಯಕದ ಕದಿರ ರೆಮ್ಮವ್ವೆ, ಭತ್ತ ಕುಟ್ಟುವ ಕೊಟ್ಟಣದ ಸೋಮಮ್ಮ ತಮ್ಮ ಕಾಯಕವನ್ನೇ ಹೆಸರಿನಲ್ಲಿ ಹೊತ್ತು ವಚನಕಾರ್ತಿಯರಾದರು. ಇವತ್ತು ಕಂಬಳಿ ಕೊಳ್ಳುವವರಿಗೆ ನೂಲಿದವಳು ಯಾರೆಂಬುದು ಗೊತ್ತೇ ಇರುವುದಿಲ್ಲ.

ಹಾವೇರಿ ಎಂದರೆ ಹೊರಗಿನವರ ಬಾಯಲ್ಲಿ ಏಲಕ್ಕಿ ಹಾರ. 2023ರ ಜನವರಿಯಲ್ಲಿ 86ನೇ ಸಾಹಿತ್ಯ ಸಮ್ಮೇಳನ ನಡೆದಾಗ ಅದರ ಕಂಪು ನಾಡಿಗೆಲ್ಲ ಹಬ್ಬಿತು. ಊರ ಹೆಣ್ಣುಮಕ್ಕಳ ಬದುಕಿನ ಕಂಪು ಹೊಮ್ಮುವುದು ಬೇರೆ ಕಡೆ, ನಸುಕಿನ ರೊಟ್ಟಿ ಒಲೆಗಳಲ್ಲಿ. ಕುದಿನೀರಿಗೆ ಜೋಳದ ಹಿಟ್ಟು ಬಿದ್ದು, ನಾದಿ, ಅಂಗೈಯಲ್ಲಿ ಬಡಿಯತೊಡಗಿದರೆ ಓಣಿಯಿಡೀ ಏಳುತ್ತದೆ. ಖಾನಾವಳಿಗೆ ಮೆತ್ತನ್ನ ರೊಟ್ಟಿ, ಬೆಂಗಳೂರಿಗೆ ಹೋಗುವ ಮಕ್ಕಳ ಚೀಲಕ್ಕೆ ಖಡಕ್ ರೊಟ್ಟಿ.

“ಅಕ್ಕಾರ, ಒಂದ್ ರೂಪಾಯಿ ಕಡಿಮಿ ಮಾಡ್ರಿ.”

“ಜ್ವಾಳದ ರೇಟ್ ಕೇಳ್ಕೊಂಡ್ ಬಾ ತಮ್ಮಾ, ಆಮ್ಯಾಲೆ ಮಾತಾಡೋಣು.”

ಈ ಉತ್ತರ ಕೇಳುವುದಕ್ಕಾಗಿಯಾದರೂ ಆ ಬಾಗಿಲಲ್ಲಿ ನಿಲ್ಲಬೇಕು.

ಕೌದಿಯದು ಇನ್ನೊಂದು ಕಥೆ. ಅಜ್ಜಿಯ ಇಳಕಲ್ ಸೀರೆ, ಅಜ್ಜನ ಧೋತರ, ಮೊಮ್ಮಗಳ ಲಂಗದ ತುಂಡು ಒಂದರ ಪಕ್ಕ ಒಂದು ಕೂತು, ಅಂಚಿನಿಂದ ನಡುವಿಗೆ ಓಡುವ ದಾರದಲ್ಲಿ ಕೂಡುತ್ತವೆ. ಹಿಂದೆ ಕಾಳುಕಡಿ ಪಡೆದು ಮನೆಮನೆಗೆ ಹೋಗಿ ಹೊಲಿಯುತ್ತಿದ್ದರು. ಈಗ ಅದೇ ಕೌದಿ ಪಟ್ಟಣದ ಗೋಡೆಗೆ ಕಲೆಯಾಗಿ ಏರುತ್ತಿದೆ. ಯಾವ ಬಣ್ಣದ ಪಕ್ಕ ಯಾವುದು ಎಂದು ಆರಿಸುವ ಕಣ್ಣು ಕಲಾವಿದೆಯ ಕಣ್ಣೇ. ಮೊಬೈಲಿನಲ್ಲಿ ಫೋಟೊ ತೆಗೆದು ಹಾಕುವ ಮಗಳೋ ಸೊಸೆಯೋ ಜೊತೆಗಿದ್ದ ಮನೆಯಲ್ಲಿ ಅದಕ್ಕೆ ತಕ್ಕ ಬೆಲೆ ಬರತೊಡಗಿದೆ.

ಇದೆಲ್ಲ ಹಣವಿಲ್ಲದೆ ನಡೆಯದು. ಸ್ತ್ರೀಶಕ್ತಿ ಗುಂಪುಗಳು, ಸಂಜೀವಿನಿ ಒಕ್ಕೂಟಗಳು ಉಳಿತಾಯದ ಪುಸ್ತಕ ಹಿಡಿಸಿ, ಬ್ಯಾಂಕಿನ ಮೆಟ್ಟಿಲು ಹತ್ತಿಸಿದ್ದು ದೊಡ್ಡ ಕೆಲಸ. ಅದರ ಪಕ್ಕದಲ್ಲೇ ಮೈಕ್ರೋ ಫೈನಾನ್ಸಿನ ವಾರದ ಕಂತು ಬಾಗಿಲಿಗೆ ಬಂದು ಕೂತಿತು. 2025ರ ಜನವರಿಯಲ್ಲಿ ಇದೇ ಹಾವೇರಿ ಜಿಲ್ಲೆಯ ಹೆಣ್ಣುಮಕ್ಕಳು ವಸೂಲಿಗಾರರ ಕಾಟ ತಾಳದೆ, ನಮ್ಮ ಮಾಂಗಲ್ಯ ಉಳಿಸಿ ಎಂದು ಮಾಂಗಲ್ಯವನ್ನೇ ಅಂಚೆಯಲ್ಲಿ ಮುಖ್ಯಮಂತ್ರಿಗೆ ಕಳಿಸಿದರು. ಫೆಬ್ರುವರಿಯಲ್ಲಿ ಸರ್ಕಾರ ಈ ಕಾಟಕ್ಕೆ ಕಡಿವಾಣ ಹಾಕಲು ಸುಗ್ರೀವಾಜ್ಞೆ ತಂದಿತು. ವಾರಕ್ಕೊಮ್ಮೆ ಕಂತು ಕೇಳುವ ಸಾಲ ಮತ್ತು ವರ್ಷಕ್ಕೊಮ್ಮೆ ಸುಗ್ಗಿ ಕಾಣುವ ವ್ಯಾಪಾರ ಎಂದೂ ಹೊಂದುವುದಿಲ್ಲ. ಖಾರದ ಪುಡಿಯವಳಿಗೆ ಬೇಕಾದ್ದು ಫೆಬ್ರುವರಿಯಲ್ಲಿ ಕೊಟ್ಟು ದೀಪಾವಳಿಯ ನಂತರ ತೀರಿಸಿಕೊಳ್ಳುವ ಸಾಲ.

2023ರ ಜೂನ್‌ನಲ್ಲಿ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯ ಉಚಿತ ಬಸ್ಸು ಬಂದ ಮೇಲೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಹತ್ತಿರವಾಗಿವೆ. ಹಿಂದೆ ಮಾದರಿ ತೋರಿಸಲು ಪಕ್ಕದೂರಿಗೆ ಹೋಗುವುದೇ ಖರ್ಚಿನ ಬಾಬತ್ತು. ಈಗ ಆಧಾರ್ ಕಾರ್ಡು ತೋರಿಸಿ, ಕಾಲಡಿ ಖಾರದ ಪೊಟ್ಟಣಗಳ ಚೀಲ ಇಟ್ಟುಕೊಂಡು ಕೂಡುತ್ತಾರೆ. ಟಿಕೆಟ್ಟಿಗೆ ದುಡ್ಡಿಲ್ಲ, ಹೆಚ್ಚಿನ ಲಗೇಜಿಗೆ ಉಂಟು. ಚೀಲ ಎತ್ತಿ ನೋಡಿದ ಕಂಡಕ್ಟರ್‌ಗೂ ಚೀಲದವಳಿಗೂ ಮೋಟೆಬೆನ್ನೂರು ದಾಟುವವರೆಗೆ ಚೌಕಾಶಿ ನಡೆದೇ ಇರುತ್ತದೆ. ಸುಲಭಕ್ಕೆ ಬಿಡುವ ಪೈಕಿ ಅವಳಲ್ಲ.